ರೊಟ್ಟಿ ನೇತ್ರಾ ಹಾಕಿಸಿದ ಬೋರ್ಡು

ಕುವೈತಿನ ಫಿಂಟಾಸಿನಲ್ಲಿ ಸಲಾಂ ಭಾಯಿಯ ಹೋಟೆಲಿನ ಮುಂದೆ ಹಾದು ಹೋಗುವಾಗ ನೇತ್ರಾ ತಲೆ ತಗ್ಗಿಸುತ್ತಾಳೆ. ಆ ಹೋಟೆಲಿನ ಬಾಗಿಲಿಗೆ ಒಂದು ಬೋರ್ಡು ಅಂಟಿಸಿದ್ದಾರೆ. ಸಿಗರೇಟಿನ ಚಿತ್ರಕ್ಕೆ ಕೆಂಪು ಗೀಟು, ಪಕ್ಕದಲ್ಲೇ ವೇಪ್ ಎಂಬ ಬ್ಯಾಟರಿ ಸಿಗರೇಟಿನ ಚಿತ್ರಕ್ಕೂ ಕೆಂಪು ಗೀಟು, ಕೆಳಗೆ ಅರಬ್ಬಿ, ಇಂಗ್ಲಿಷು, ಮಲಯಾಳ, ಕೊನೆಗೆ ಕನ್ನಡ. ಆ ಕನ್ನಡದ ಸಾಲು ಅವಳದೇ ಕೈಬರಹ. ನಮ್ಮ ಕನ್ನಡದ ಹೆಂಗಸರು ಎಲ್ಲಿ ಸಿಕ್ಕರೂ ಆ ಬೋರ್ಡಿನ ಮಾತು ತೆಗೆದು ಅವಳನ್ನು ಹೊಗಳುತ್ತಿದ್ದರು. ಹೊಗಳಿದಾಗಲೆಲ್ಲ ಅವಳ ಮುಖ ಕಪ್ಪಿಡುತ್ತಿತ್ತು. ಯಾಕೆಂದು ಗೊತ್ತಿದ್ದವಳು ನಾನೊಬ್ಬಳೇ.

ನೇತ್ರಾ ಹುನಗುಂದದ ಕಡೆಯ ಹಳ್ಳಿಯವಳು. ಗಂಡ ಸಂಜೀವ ಎಣ್ಣೆ ಶುದ್ಧೀಕರಣ ಘಟಕವೊಂದರಲ್ಲಿ ಗುತ್ತಿಗೆ ಕಂಪನಿಯ ಟೆಕ್ನಿಷಿಯನ್. ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ, ಆದರೂ ತರಕಾರಿ ಅಂಗಡಿಯ ಮಿಸ್ರಿಯ, ಅಂದರೆ ಈಜಿಪ್ಟಿನವನ, ಹತ್ತಿರ ಕನ್ನಡದಲ್ಲೇ ಜಗಳವಾಡಿ ಗೆದ್ದು ಬರುತ್ತಿದ್ದಳು. ನಾವು ಅದೇ ಕಟ್ಟಡದಲ್ಲಿ ಅವರ ಮೇಲಿನ ಮನೆಯವರು. ನನ್ನ ಯಜಮಾನರು ರಾಜೀವ್, ಬ್ಯಾಂಕಿನಲ್ಲಿದ್ದರು, ನಮ್ಮದು ಮೈಸೂರು. ಮೊದಲ ಸಲ ಅವಳ ಮಾತು ಕೇಳಿದಾಗ ಯಾರನ್ನೋ ಬೈಯುತ್ತಿದ್ದಾಳೆ ಎಂದುಕೊಂಡಿದ್ದೆ. ನೋಡಿದರೆ ನನ್ನನ್ನು ಊಟಕ್ಕೆ ಕರೆಯುತ್ತಿದ್ದಳು.

ಅವಳ ಕೈಯ ಜೋಳದ ರೊಟ್ಟಿ ಇಡೀ ಅಹ್ಮದಿ ಸೀಮೆಯಲ್ಲಿ ಹೆಸರುವಾಸಿ. ಯಂತ್ರದಲ್ಲಿ ಒತ್ತಿದ ರೊಟ್ಟಿ ಅಂಗಡಿಯಲ್ಲೂ ಸಿಗುತ್ತಿತ್ತು, ಅದನ್ನು ಅವಳು ರಟ್ಟು ಎನ್ನುತ್ತಿದ್ದಳು. ಇವಳದು ಕುದಿನೀರಿಗೆ ಹಿಟ್ಟು ಹಾಕಿ, ನಾದಿ, ಕೈಯಲ್ಲೇ ಬಡಿದದ್ದು. ಶುಕ್ರವಾರ ರಜೆ. ಬೆಳಿಗ್ಗೆಯೇ ಕೆಳಗಿನಿಂದ ಟಪಟಪ ಸದ್ದು ಶುರುವಾಗುತ್ತಿತ್ತು. ಮಂಗಳೂರಿನ ಬ್ಯಾರಿ ಅಬ್ದುಲ್ ಸಲಾಂ ತನ್ನ ಹೋಟೆಲಿನಲ್ಲಿ ಶುಕ್ರವಾರಕ್ಕೆಂದೇ ರೊಟ್ಟಿ ಊಟ ಇಟ್ಟಿದ್ದ. ಎಣ್ಣೆಗಾಯಿ ಅವನ ಅಡುಗೆಯವರು ಮಾಡುತ್ತಿದ್ದರು. ರೊಟ್ಟಿ, ಶೇಂಗಾ ಚಟ್ನಿ ನೇತ್ರಾಳ ಮನೆಯಿಂದ ಹೋಗಬೇಕು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ನಮ್ಮ ಉತ್ತರ ಕರ್ನಾಟಕದ ಗಂಡಸರು ವಾರವಿಡೀ ಆ ಊಟಕ್ಕೆ ಕಾಯುತ್ತಿದ್ದರು. ಅವಳಿಗೆ ರೊಟ್ಟಿ ನೇತ್ರಾ ಎಂದು ಹೆಸರು ಬಿದ್ದದ್ದು ಹಾಗೆ.

ಇನ್ನು ಸಂಜೀವ. ಒಳ್ಳೆಯವನೇ, ಕುಡಿಯದಿದ್ದಾಗ. ಕುವೈತಿನಲ್ಲಿ ಮದ್ಯ ನಿಷಿದ್ಧ, ಇದು ಎಲ್ಲರಿಗೂ ಗೊತ್ತು. ಅಲ್ಲಿ ಇಲ್ಲಿ ಫ್ಲ್ಯಾಟಿನ ಬಚ್ಚಲಲ್ಲಿ ನೀರಿನ ಕ್ಯಾನುಗಳೊಳಗೆ ದ್ರಾಕ್ಷಿ ರಸ ಹುಳಿಯುತ್ತಿರುತ್ತದೆ, ಇದೂ ಎಲ್ಲರಿಗೂ ಗೊತ್ತು. ಸಿಕ್ಕಿಬಿದ್ದರೆ ಜೈಲು, ಆಮೇಲೆ ಇಕಾಮಾ ಎಂಬ ವಾಸದ ಪರವಾನಗಿ ರದ್ದು, ವಿಮಾನ. ಆದರೂ ಕುಡಿಯುವವರು ಕುಡಿಯುತ್ತಿದ್ದರು, ಸಂಜೀವನೂ ಕುಡಿಯುತ್ತಿದ್ದ. ಒಂದು ಬೆಳಿಗ್ಗೆ ಸೈಟಿನ ಗೇಟಿನಲ್ಲಿ ಅವನ ಬಾಯಿ ವಾಸನೆ ಹಿಡಿದ ಫೋರ್‌ಮನ್, ಪುಣ್ಯಾತ್ಮ, ಮೇಲಿನವರಿಗೆ ಹೇಳದೆ ಜ್ವರ ಎಂದು ಮನೆಗೆ ಕಳಿಸಿದ. ಇನ್ನೊಂದು ಸಲ ಆದರೆ ಖಲಾಸ್ ಎಂದೂ ಹೇಳಿ ಕಳಿಸಿದ. ಆ ವರ್ಷ ಊರಿಗೆ ಹೋದಾಗ, ಶ್ರಾವಣ ಸೋಮವಾರ, ತಾಯಿ ಪಾರ್ವತೆವ್ವನ ಎದುರು ಸಂಜೀವ ಕೊರಳ ಲಿಂಗ ಮುಟ್ಟಿ ಆಣೆ ಮಾಡಿದ. ಬಂದಮೇಲೆ ನಿಜವಾಗಿಯೂ ಬಿಟ್ಟ. ಎರಡು ಮೂರು ವರ್ಷ ಅವರ ಮನೆಯಿಂದ ಜಗಳದ ಸದ್ದು ನಮಗೆ ಕೇಳಿಸಲೇ ಇಲ್ಲ.

ಕುಡಿತ ಬಿಟ್ಟವನ ಕೈಗೆ ಏನಾದರೊಂದು ಬೇಕಲ್ಲ, ವೇಪ್ ಬಂತು. ಆಗಷ್ಟೇ ಅಂಗಡಿಗಳಲ್ಲಿ ಕಾಣತೊಡಗಿತ್ತು. ಹತ್ತಿರದ ಎಗೈಲಾದ ಮಾಲಿಗೆ ಹೋಗಿ ತಂದ. ಅವನು ಅದಕ್ಕೆ ಕರೆಂಟ್ ಬೀಡಿ ಎನ್ನುತ್ತಿದ್ದ. ಅವನ ಗೆಳೆಯ ಶರಣುವೂ ಒಂದು ತಂದ, ಉಳಿದವರೂ ತಂದರು. ಸಿಗರೇಟಿಗೆ ಹೋಟೆಲಿನೊಳಗೆ ಮೊದಲೇ ಅವಕಾಶವಿರಲಿಲ್ಲ. ಈ ಹೊಸ ಸಾಮಾನಿನ ಬಗ್ಗೆ ಸಲಾಂ ಭಾಯಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲ, ಸುಮ್ಮನಿದ್ದ. ಶುಕ್ರವಾರ ರೊಟ್ಟಿ ಊಟ ಮುಗಿದಮೇಲೆ ಮೂಲೆಯ ಮೇಜಿನಲ್ಲಿ ನಮ್ಮ ಗಂಡಸರು ಸಂಜೆಯವರೆಗೆ ಕೂತು, ಸುಲೈಮಾನಿ ಚಹಾ ಕುಡಿಯುತ್ತ, ಮಾವಿನಹಣ್ಣಿನ ವಾಸನೆಯ ಹೊಗೆ ಬಿಡುತ್ತ ಊರ ರಾಜಕೀಯ ಮಾತಾಡುತ್ತಿದ್ದರು.

ಆ ಹೊಗೆ ಸೌಂದರ್ಯಾಗೆ ಆಗುತ್ತಿರಲಿಲ್ಲ. ಸೌಂದರ್ಯಾ ಅವರ ಒಬ್ಬಳೇ ಮಗಳು, ಆಗ ಆರನೇ ಕ್ಲಾಸು. ಹುಟ್ಟಿದಾಗಿನಿಂದ ಉಬ್ಬಸ. ಕುವೈತಿನ ಧೂಳುಗಾಳಿಗೇ ಎದೆ ಕಟ್ಟುವ ಮಗು, ಹೋಟೆಲಿನಲ್ಲಿ ಊಟಕ್ಕೆ ಕೂತರೆ ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಗುತ್ತಿತ್ತು. ಸಂಜೀವ ಮನೆಯೊಳಗೆ ಒಂದು ದಿನವೂ ಸೇದಲಿಲ್ಲ, ಅಷ್ಟು ಹೇಳಲೇಬೇಕು. ಆದರೆ ನೇತ್ರಾಳ ತಲೆಯಲ್ಲಿ ಬೇರೆಯೇ ಲೆಕ್ಕ ನಡೆದಿತ್ತು. ಹೊಗೆ, ಹೆಂಡ, ಇಸ್ಪೀಟು ಎಲ್ಲ ಒಂದೇ ಗೂಡಿನ ಮರಿಗಳು, ಒಂದಕ್ಕೆ ಕಾಳು ಹಾಕಿದರೆ ಇನ್ನೊಂದು ಎದ್ದು ಬರುತ್ತದೆ ಎಂದು ಅವಳ ನಂಬಿಕೆ.

"ಇವತ್ತ ಹೊಗಿ ಬಿಡ್ತಾರ, ನಾಳೆ ಮತ್ತ ಗ್ಲಾಸ್ ಹಿಡೀತಾರ, ನೋಡ್ರಿ ಅಕ್ಕಾರ" ಎಂದು ನನಗೆ ಹೇಳಿದಳು.

ಒಂದು ಶುಕ್ರವಾರ ಸೌಂದರ್ಯಾಳ ಕೆಮ್ಮು ನಿಲ್ಲಲೇ ಇಲ್ಲ. ಮುಂದಿನ ವಾರ ನೇತ್ರಾ ರೊಟ್ಟಿ ಕೊಡಲು ಹೋದವಳು ಬುಟ್ಟಿಯನ್ನು ಕೈಯಲ್ಲೇ ಹಿಡಿದು ಸಲಾಂ ಭಾಯಿಯ ಎದುರು ನಿಂತಳು. ಒಳಗೆ ಜನ ಕಾಯುತ್ತಿದ್ದರು.

"ಭಾಯಿ, ವೇಪ್ ಬಂದ್ ಮಾಡಿ ಬೋರ್ಡ್ ಹಾಕ್ರಿ. ಇಲ್ಲಂದ್ರ ಇವತ್ತಿನಿಂದ ನನ್ನ ರೊಟ್ಟಿ ಬಂದ್."

ಸಲಾಂ ಭಾಯಿ ನಕ್ಕ. "ಎಂತ ನೇತ್ರಕ್ಕ, ನಿಮ್ಮ ಯಜಮಾನರೇ ಅಲ್ವಾ ಅಲ್ಲಿ ಕೂತದ್ದು? ಮನೆಯಲ್ಲಿ ಹೇಳ್ಲಿಕ್ಕೆ ಆಗುದಿಲ್ವಾ?"

"ಮನ್ಯಾಗ ಹೇಳಿದ್ರ ಒಬ್ಬರು ಬಿಡ್ತಾರ. ನೀವು ಬೋರ್ಡ್ ಹಾಕಿದ್ರ ಎಲ್ಲಾರೂ ಬಿಡ್ತಾರ."

ಬುಟ್ಟಿ ಅವಳ ಕೈಯಲ್ಲೇ ಇತ್ತು. ರೊಟ್ಟಿ ಊಟ ನಿಂತರೆ ಶುಕ್ರವಾರದ ವ್ಯಾಪಾರ ಹೋದ ಹಾಗೆ, ಅದು ಅವನಿಗೆ ಚೆನ್ನಾಗಿ ಗೊತ್ತು. ಒಪ್ಪಿಕೊಂಡ. ಅವಳು ಬುಟ್ಟಿ ಇಳಿಸಿದಳು. ಮುಂದಿನ ಶುಕ್ರವಾರದೊಳಗೆ ಬೋರ್ಡು ಬಂತು, ಕನ್ನಡದ ಸಾಲು ಅವಳ ಕೈಯಲ್ಲೇ ಬರೆಸಿಕೊಂಡರು.

ಹೊರಗೆ ನಿಂತು ಸೇದಬಹುದಿತ್ತಲ್ಲ ಎಂದು ಕೇಳುವವರು ಕುವೈತಿನ ಜುಲೈ ನೋಡಿಲ್ಲ. ಆ ಬಿಸಿಲಲ್ಲಿ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುತ್ತದೆ, ಹರಟೆ ಹೊಡೆಯುತ್ತ ನಿಲ್ಲುವುದು ದೂರದ ಮಾತು. ನಮ್ಮ ಗಂಡಸರು ಒಂದೆರಡು ವಾರ ಬೋರ್ಡು ನೋಡಿ ಗೊಣಗಿದರು. ಆಮೇಲೆ ಹೋಟೆಲಿನಲ್ಲಿ ಕೂರುವುದನ್ನೇ ಬಿಟ್ಟರು. ಅವರ ಮೇಜಿಗೆ ಮಕ್ಕಳು ಮರಿಗಳ ಸಂಸಾರಗಳು ಬಂದು ಕೂತವು. ಸೌಂದರ್ಯಾ ಕೆಮ್ಮಿಲ್ಲದೆ ಊಟ ಮಾಡಿದಳು. ನೇತ್ರಾ ಗೆದ್ದಳು ಎಂದು ನಾನೂ ಅಂದುಕೊಂಡೆ.

ಇನ್ನೊಂದು ಖುಷಿಯೂ ಅವಳಿಗೆ ಸಿಕ್ಕಿತು. ಪಾರ್ಸೆಲ್ ರೊಟ್ಟಿಗೆ ಬೇಡಿಕೆ ಏರಿತು. ಸಂಜೀವನೇ ಬಂದು, "ರುಡಾಲ್ಫ್ ರೂಮಿಗೆ ರೊಟ್ಟಿ ಬೇಕಂತ, ಶೇಂಗಾ ಚಟ್ನಿ ಸ್ವಲ್ಪ ಖಾರ ಇರ್ಲಿ" ಎನ್ನುತ್ತಿದ್ದ. ರುಡಾಲ್ಫ್ ಉಡುಪಿ ಕಡೆಯ ಕೊಂಕಣಿಯವನು, ಕುವೈತ್ ನಗರದ ಬ್ನೇದ್ ಅಲ್ ಗಾರ್‌ನಲ್ಲಿ ಒಬ್ಬನೇ ಇರುತ್ತಿದ್ದ, ಯಾರು ಹೋದರೂ ಬಾಗಿಲು ತೆರೆದೇ ಇಟ್ಟಿರುವ ಮನುಷ್ಯ. ಕೊಂಕಣಿಯವನಿಗೂ ನನ್ನ ರೊಟ್ಟಿಯ ರುಚಿ ಹತ್ತಿತಲ್ಲ ಎಂದು ನೇತ್ರಾ ಬೀಗಿದಳು. ಚಟ್ನಿಗೆ ಬ್ಯಾಡಗಿ ಮೆಣಸಿನಕಾಯಿಯ ಜೊತೆ ಗುಂಟೂರಿನದೂ ಸೇರಿಸಿದಳು. ರೊಟ್ಟಿ ಒಣಗಬಾರದೆಂದು ಊರಿಂದ ತಂದ ಹತ್ತಿ ಅರಿವೆಯಲ್ಲಿ ಸುತ್ತಿ ಗಂಡನ ಕೈಗೆ ಕೊಡುತ್ತಿದ್ದಳು.

ಒಂದು ಶನಿವಾರ ಬೆಳಿಗ್ಗೆ ಬಟ್ಟೆ ಒಗೆಯಲು ಆ ಅರಿವೆ ಎತ್ತಿಕೊಂಡಳು. ಒಂದು ಮೂಲೆಯಲ್ಲಿ ನೇರಳೆ ಕಲೆ. ಮೂಗಿಗೆ ಹಿಡಿದಳು. ಆ ಹುಳಿ ವಾಸನೆ ಅವಳಿಗೆ ಹೊಸದಲ್ಲ, ಮದುವೆಯಾದ ಮೊದಲ ವರ್ಷಗಳಲ್ಲಿ ತಲೆದಿಂಬಿನ ಮೇಲಿದ್ದ ವಾಸನೆಯೇ ಅದು. ಬಚ್ಚಲಲ್ಲೇ ಕೂತುಬಿಟ್ಟೆ ಎಂದು ಆಮೇಲೆ ನನಗೆ ಹೇಳಿದಳು. ಆಗ ಇನ್ನೊಂದು ನೆನಪಾಯಿತಂತೆ. ಕೆಲವು ವಾರಗಳಿಂದ ಸಂಜೀವ ಶುಕ್ರವಾರ ಹೊರಗೆ ಹೊರಡುವ ಮೊದಲು ಕೊರಳಿನ ಬೆಳ್ಳಿ ಕರಡಿಗೆಯನ್ನು, ಅಂದರೆ ಲಿಂಗವಿರುವ ಪುಟ್ಟ ಭರಣಿಯನ್ನು, ಬಿಚ್ಚಿ ದೇವರ ಜಗಲಿಯ ಮೇಲಿಟ್ಟು ಹೋಗುತ್ತಿದ್ದ. ಬೆವರಿಗೆ ದಾರ ಕೊರೆಯುತ್ತದೆ ಎಂದಿದ್ದ. ಅವಳೂ ನಂಬಿ ಕೊರಳಿಗೆ ಪೌಡರ್ ಹಚ್ಚಿ ಕಳಿಸಿದ್ದಳು.

ಅವಳ ಗಂಟಲು ದೊಡ್ಡದು. ಆ ದಿನ ಅವರ ಮನೆಯಿಂದ ನಮಗೆ ಒಂದು ಮಾತೂ ಕೇಳಿಸಲಿಲ್ಲ. ಅರಿವೆಯನ್ನು ಗಂಡನ ಮುಂದಿಟ್ಟಳಂತೆ. ಅವನು ಕಲೆಯಿದ್ದ ಮೂಲೆಯನ್ನು ಒಳಗೆ ಮಡಚಿದ.

"ಕುಡ್ಯಾಕ ಹೋಗಿದ್ದಿಲ್ಲ ನೇತ್ರಾ" ಎಂದ. "ಹೊಗಿ ಬಿಡಾಕ ಹೋಗಿದ್ವಿ. ಸಲಾಂ ಭಾಯಿ ಹೋಟೆಲ್‌ನ್ಯಾಗ ಮುಂದ ಚಹಾ ಇರ್ತಿತ್ತು, ಹೊಗಿ ಬಿಟ್ಕೋತ ಚಹಾ ಕುಡದು ಎದ್ದ್ ಬರ್ತಿದ್ವಿ. ಸುತ್ತ ಹೆಣ್ಮಕ್ಕಳು, ಹುಡುಗ್ರು ಇರ್ತಿದ್ರು. ರುಡಾಲ್ಫ್ ರೂಮಿನ್ಯಾಗ ಯಾರಿದಾರ? ಮುಂದ ಗ್ಲಾಸ್ ಇಟ್ಟ. ಎರಡ ವಾರ ಬ್ಯಾಡ ಅಂದೆ."

"ಮೂರನೇ ವಾರ?"

"ಮೂರನೇ ವಾರ ನಿನ್ನ ರೊಟ್ಟಿ ತಿನ್ಕೋತ ಕುಡದೆ."

ಅವನು ಸಿಟ್ಟಿನಿಂದ ಹೇಳಿದ್ದರೆ ಅವಳು ಬೈದು ಹಗುರಾಗುತ್ತಿದ್ದಳು. ಅವನು ಅಳುತ್ತ ಹೇಳಿದ. ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತು. ತಾನೇ ಅವನನ್ನು ಚಹಾದ ಮೇಜಿನಿಂದ ಎಬ್ಬಿಸಿದ್ದು. ಆಮೇಲೆ ಅವನು ಕೂತಲ್ಲಿಗೆ ನೆಂಚಿಕೊಳ್ಳಲು ಚಟ್ನಿ ಕಳಿಸಿದ್ದೂ ತಾನೇ, ಅದೂ ಖಾರ ಹೆಚ್ಚು ಮಾಡಿ. ಇದನ್ನೇ ಮತ್ತೆ ಮತ್ತೆ ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದಳು.

ನನಗೆ ಸಂಜೀವನ ಮೇಲೆ ಸಿಟ್ಟು ಬಂದಿತ್ತು, ಈಗಲೂ ಇದೆ. "ಗ್ಲಾಸು ಎತ್ತಿದ್ದು ಅವರ ಕೈ, ನಿನ್ನದಲ್ಲ. ಮಗೂಗೋಸ್ಕರ ಬೋರ್ಡ್ ಹಾಕಿಸಿದೆ, ಅದರಲ್ಲಿ ತಪ್ಪೇನಿದೆ?" ಎಂದೆ.

"ಮಗಳಿಗೋಸ್ಕರ ಅಂತ ನೀವು ಅಂತೀರಿ, ಊರೆಲ್ಲ ಅಂತೈತಿ" ಎಂದಳು. "ಖರೇ ಹೇಳ್ಲೇನ್ರಿ ಅಕ್ಕಾರ? ಅರ್ಧಾ ಮಗಳಿಗೋಸ್ಕರ. ಇನ್ನರ್ಧಾ ನನ್ನ ಮಾತ ನಡೀಬೇಕಂತ ಮಾಡೀನಿ. ನನ್ನ ರೊಟ್ಟಿ ಇಲ್ಲಂದ್ರ ಹೋಟೆಲ್ ನಡ್ಯಾಂಗಿಲ್ಲ ಅನ್ನೂ ಸೊಕ್ಕು ಇತ್ರಿ ನನಗ."

ಸೊಕ್ಕು ಇದ್ದದ್ದು ನಿಜ. ಆದರೆ ಸೊಕ್ಕಿಲ್ಲದ ಹೆಂಗಸು ಆ ಬೋರ್ಡನ್ನು ಹಾಕಿಸುತ್ತಲೂ ಇರಲಿಲ್ಲ.

ಅವಳು ಸಲಾಂ ಭಾಯಿಯ ಹತ್ತಿರ ಮತ್ತೆ ಹೋದಳು. ಈ ಸಲ ಬುಟ್ಟಿಯನ್ನು ಮೊದಲೇ ಒಳಗೆ ಕೊಟ್ಟು, ಆಮೇಲೆ ಕೇಳಿದಳು. ಬೋರ್ಡು ತೆಗೆಯಲು ಆಗುತ್ತದೆಯೇ, ಬೇಕಾದರೆ ನಾವು ಸಂಸಾರದವರು ಬೇರೆ ಹೊತ್ತಿಗೆ ಬರುತ್ತೇವೆ ಎಂದು. ಯಾಕೆಂದು ಮಾತ್ರ ಹೇಳಲಿಲ್ಲ, ಗಂಡನ ಮಾನ ಹೋಗುತ್ತದಲ್ಲ.

"ಎಂತ ಮಾರಾಯ್ರೆ, ಹಾಕಿ ಅಂದದ್ದು ನೀವೇ, ಈಗ ತೆಗಿ ಅನ್ನುದು ನೀವೇ" ಎಂದ ಸಲಾಂ ಭಾಯಿ. "ಫ್ಯಾಮಿಲಿಯವರು ಎಷ್ಟು ಬರ್ತಾ ಇದ್ದಾರೆ ನೋಡಿ. ಸಣ್ಣ ಮಕ್ಕಳು ಉಂಟು. ನೀವು ಮಾಡಿದ್ದು ಒಳ್ಳೆ ಕೆಲಸ ನೇತ್ರಕ್ಕ. ಅದನ್ನು ತೆಗಿಲಿಕ್ಕೆ ನನಗೆ ಮನಸ್ಸು ಬರುದಿಲ್ಲ."

ಒಳ್ಳೆ ಕೆಲಸ ಎಂಬ ಮಾತು ಕೇಳಿಸಿಕೊಂಡು ಖಾಲಿ ಬುಟ್ಟಿಯೊಂದಿಗೆ ಮನೆಗೆ ಬಂದಳು. ರುಡಾಲ್ಫನ ಪಾರ್ಸೆಲ್ ನಿಲ್ಲಿಸಿದಳು. ರೊಟ್ಟಿ ನಿಂತಿತು, ಹೋಗುವುದು ನಿಲ್ಲಲಿಲ್ಲ. ಸಂಜೀವ ಇನ್ನು ಹೋಗುವುದಿಲ್ಲ ಎನ್ನುತ್ತಿದ್ದ. ಶುಕ್ರವಾರ ಮಧ್ಯಾಹ್ನ ಮನೆಯಲ್ಲಿ ಸುಮ್ಮನೆ ಕೂರಲಾಗದೆ, ಸ್ವಲ್ಪ ಹೊಗೆ ಬಿಟ್ಟು ಬರುತ್ತೇನೆ ಎಂದು ಎದ್ದುಬಿಡುತ್ತಿದ್ದ. ಒಂದು ಸಂಜೆ ಬಂದಾಗ ಕಾರಿನ ಒಂದು ಬದಿ ಉದ್ದಕ್ಕೂ ಗೀಚಿಹೋಗಿತ್ತು. ಎಲ್ಲಿ ತಾಗಿಸಿದೆ ಎಂದು ಅವನಿಗೇ ನೆನಪಿರಲಿಲ್ಲ. ಬ್ನೇದ್ ಅಲ್ ಗಾರ್‌ನಿಂದ ಫಿಂಟಾಸಿನವರೆಗೆ ಅಷ್ಟು ದೂರ, ದಾರಿಯಲ್ಲಿ ಎಲ್ಲಿ ಬೇಕಾದರೂ ಪೊಲೀಸರು ನಿಲ್ಲಿಸಬಹುದಿತ್ತು. ಸೌಂದರ್ಯಾ ಕಿಟಕಿಯಲ್ಲಿ ನಿಂತು ಅಪ್ಪ ಕಾರಿನಿಂದ ಇಳಿಯುವುದನ್ನು ನೋಡುತ್ತಿದ್ದಳು. ಗೀಚಿದ್ದನ್ನು ಮೊದಲು ಕಂಡವಳೂ ಅವಳೇ.

ಆಗ ನೇತ್ರಾ ಯಾವ ತಾಯಿಯೂ ಮಾಡದ ಒಂದು ತೀರ್ಮಾನ ಮಾಡಿದಳು. ಮಾಡಿದಮೇಲೆ ನನ್ನ ಹತ್ತಿರ ಬಂದಳು, ಒಪ್ಪಿಗೆ ಕೇಳಲು ಅಲ್ಲ, ಸಹಾಯಕ್ಕೆ.

"ಶುಕ್ರವಾರ ಎಲ್ಲಾರಿಗೂ ನಮ್ಮ ಮನ್ಯಾಗ ರೊಟ್ಟಿ ಊಟ ಇಡ್ತೀನ್ರಿ. ಕರೆಂಟ್ ಬೀಡಿ ಸೇದಲಿ, ಏನರ ಮಾಡ್ಲಿ, ನನ್ನ ಕಣ್ಣ ಮುಂದ ಇರ್ಲಿ. ಚಹಾ ನಾ ಮಾಡ್ತೀನಿ. ಅಷ್ಟೊತ್ತು ಸೌಂದರ್ಯಾನ್ನ ನಿಮ್ಮ ಮನ್ಯಾಗ ಇಟ್ಕೋತೀರೇನ್ರಿ?"

ಹೂಂ ಎಂದೆ.

ಗಂಡಸರು ಮೊದಲು ನಾಚಿದರು. ಬೋರ್ಡು ಹಾಕಿಸಿದವಳೇ ಮನೆಗೆ ಕರೆದು ಸೇದಿ ಎನ್ನುತ್ತಿದ್ದಾಳೆ ಎಂದು ಶರಣು ನಂಬಲಿಲ್ಲ. ಆದರೂ ಎಣ್ಣೆಗಾಯಿಯ ವಾಸನೆಗೆ ಎಲ್ಲರೂ ಬಂದರು. ಹಾಲಿನ ಕಿಟಕಿ ತೆರೆದರೆ ಬಿಸಿಗಾಳಿ ನುಗ್ಗುತ್ತದೆ, ಎಸಿ ಹಾಕಿ ಮುಚ್ಚಿದರೆ ಹೊಗೆ ಒಳಗೇ ಸುತ್ತುತ್ತದೆ. ಸಂಜೀವ ಒಂದೆರಡು ಸಲ ಹೆಂಡತಿಯ ಮುಖ ನೋಡಿದನಂತೆ, ಸೌಂದರ್ಯಾ ಎಲ್ಲಿ ಎಂದು ಕೇಳಿ, ಮೇಲಿನ ಮನೆಯಲ್ಲಿ ಎಂದಮೇಲೆ ಸಮಾಧಾನವಾಗಿ ಕೂತನಂತೆ. ಆ ವಾರ ಅವನು ಕುಡಿಯಲಿಲ್ಲ. ಮರುವಾರವೂ ಇಲ್ಲ. ಸೌಂದರ್ಯಾ ನಮ್ಮ ಮನೆಯಲ್ಲಿ ಟಿವಿ ನೋಡುತ್ತ, ಕೆಳಗಿನಿಂದ ನಗು ಕೇಳಿಸಿದಾಗಲೆಲ್ಲ ಟಿವಿಯ ಸದ್ದು ಕಡಿಮೆ ಮಾಡುತ್ತಿದ್ದಳು.

ಮೂರನೆಯ ಶುಕ್ರವಾರ ಅವಳು, ಹಿಂದಿನ ವಾರದ ಹಾಗೆಯೇ, ಪುಸ್ತಕ ಮರೆತೆ ಆಂಟಿ, ಈಗ ಬಂದೆ ಎಂದು ಕೆಳಗೆ ಹೋದಳು. ಅವಳು ಬರುವುದು ತಡವಾಯಿತು. ತಾಯಿ ಹತ್ತಿರ ಇರಬೇಕು ಎಂದು ನಾನು ಸುಮ್ಮನಾದೆ. ಮುಂದಿನದು ನೇತ್ರಾ ಹೇಳಿದ್ದು.

ಚಹಾ ಕೊಟ್ಟು ಬಂದು, ತಟ್ಟೆ ಒರೆಸಲು ಬಟ್ಟೆ ಬೇಕೆಂದು, ಹಾಲಿಗೆ ಕಾಣದ ಹಾಗೆ ಹೊರಬಾಗಿಲ ಪಕ್ಕದಲ್ಲಿದ್ದ ಮಲಗುವ ಕೋಣೆಯ ಬಾಗಿಲು ತಳ್ಳಿದಳಂತೆ. ಬಾಗಿಲು ಅರ್ಧಕ್ಕೆ ತಡೆಯಿತು. ಒಳಗಿನಿಂದ ಒದ್ದೆ ಟವೆಲು ಕೆಳಗಿನ ಸಂದಿಗೆ ತುರುಕಿಟ್ಟಿತ್ತು. ಸೌಂದರ್ಯಾ ನೆಲದ ಮೇಲೆ ಗೋಡೆಗೆ ಒರಗಿ, ಇನ್ಹೇಲರ್ ಮುಷ್ಟಿಯಲ್ಲಿ ಹಿಡಿದು, ಬಾಯಿಗೆ ದಿಂಬು ಒತ್ತಿಕೊಂಡು ಕೂತಿದ್ದಳು. ಕೆಮ್ಮಿನ ಸದ್ದು ಹೊರಗೆ ಹೋಗಬಾರದೆಂದು.

"ಯಾಕವ್ವಾ, ಮ್ಯಾಲಿಂದ ಯಾಕ ಬಂದಿ?" ಎಂದು ನೇತ್ರಾ ಅವಳ ಮುಂದೆ ಕುಕ್ಕರಿಸಿದಳು.

ಹುಡುಗಿ ಉಸಿರು ಎಳೆದುಕೊಂಡು ಇಂಗ್ಲಿಷಿನಲ್ಲೇ ಹೇಳಿದಳು. ಪಪ್ಪಾ ನಗುವುದನ್ನು ಹತ್ತಿರದಿಂದ ಕೇಳಬೇಕು ಅನಿಸಿತು, ಕಳೆದ ವಾರವೂ ಬಂದಿದ್ದೆ ಎಂದು. ನನ್ನಿಂದಾಗಿ ಎಲ್ಲರೂ ಎದ್ದುಹೋದರೆ ಪಪ್ಪಾ ಮತ್ತೆ ಕಾರು ತೆಗೆದುಕೊಂಡು ಅಲ್ಲಿಗೆ ಹೋಗುತ್ತಾರೆ ಎಂದು.

"ಡೋಂಟ್ ಟೆಲ್ ಪಪ್ಪಾ, ಮಮ್ಮಿ. ಪ್ಲೀಸ್. ಐ ಕ್ಯಾನ್ ಮ್ಯಾನೇಜ್."

ಆಗ ಹಾಲಿನಿಂದ ಸಂಜೀವನ ದನಿ ಬಂತು, ನಗುತ್ತಿದ್ದ ದನಿ. "ನೇತ್ರಾ, ಒಳಗ ಯಾರ ಜೋಡಿ ಮಾತಾಡಾಕತ್ತಿ? ಸೌಂದರ್ಯಾ ಬಂದಾಳೇನು?"

ನೇತ್ರಾ ಮಗಳ ಮುಖ ನೋಡಿದಳು. ಮಗಳು ಬೇಡವೆಂದು ತಲೆ ಅಲ್ಲಾಡಿಸಿದಳು.

"ಇಲ್ರಿ" ಎಂದಳು ನೇತ್ರಾ. "ಆಕಿ ಮ್ಯಾಲ ಅದಾಳ. ನೀವು ಕೂತ್ಕೋರಿ, ಇನ್ನೊಂದ್ ಸಲ ಚಹಾ ಇಡ್ತೀನಿ."

ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಒಳಗೆ ಮಗಳು ಟವೆಲನ್ನು ಮತ್ತೆ ಸಂದಿಗೆ ಒತ್ತುವ ಸದ್ದು ಕೇಳಿಸುವವರೆಗೂ ಅಲ್ಲೇ ನಿಂತಿದ್ದಳಂತೆ.